ಸಿಲಿಂಡರ್ ಹೆಡ್ ಪೋರ್ಟಿಂಗ್

ಸಿಲಿಂಡರ್ ಹೆಡ್ ಪೋರ್ಟಿಂಗ್ ಎಂಬುದು ಎಂಜಿನ್ನಿನ ಸಿಲಿಂಡರ್ ಹೆಡ್‌ನಲ್ಲಿ ಗಾಳಿ ಮತ್ತು ಹೊಗೆ ಹಾದುಹೋಗುವ ಮಾರ್ಗಗಳ ಆಕಾರ, ಅಳತೆ ಹಾಗೂ ಮೇಲ್ಮೈಯನ್ನು ತಿದ್ದುವ ಕೆಲಸ. ಈ ಮಾರ್ಗಗಳನ್ನು ಪೋರ್ಟ್‌ಗಳೆಂದು ಕರೆಯುತ್ತಾರೆ. ನಾಲ್ಕು ಸ್ಟ್ರೋಕ್‌ನ ಮೋಟಾರ್‌ಸೈಕಲ್‌ಗಳಲ್ಲಿ, ವಿಶೇಷವಾಗಿ ಸ್ಪರ್ಧೆಯ ವಾಹನಗಳಲ್ಲಿ, ಹೆಚ್ಚಿನ ಶಕ್ತಿ ಪಡೆಯಲು ಇದನ್ನು ಮಾಡಲಾಗುತ್ತದೆ. ಪೋರ್ಟನ್ನು ದೊಡ್ಡದು ಮಾಡುವುದೇ ಪೋರ್ಟಿಂಗ್ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಹರಿವಿನ ಅಡೆತಡೆಗಳನ್ನು ಕಡಿಮೆ ಮಾಡುತ್ತಲೇ ಗಾಳಿಯ ವೇಗವನ್ನು ಉಳಿಸಿಕೊಳ್ಳುವುದು ಇದರ ಮುಖ್ಯ ಉದ್ದೇಶ.

ತತ್ತ್ವ

ಎಂಜಿನ್ ಎಷ್ಟು ಇಂಧನವನ್ನು ಉರಿಸಬಲ್ಲದು ಎಂಬುದು ಅದು ಒಳಗೆಳೆದುಕೊಳ್ಳುವ ಗಾಳಿಯ ಪ್ರಮಾಣವನ್ನು ಅವಲಂಬಿಸಿದೆ. ಉದಾಹರಣೆಗೆ, 150 ಸಿಸಿ ಸಾಮರ್ಥ್ಯದ ಒಂದು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗುವಾಗ ಪಿಸ್ಟನ್ ಒಮ್ಮೆ ಕೆಳಗಿಳಿಯಲು ತೆಗೆದುಕೊಳ್ಳುವ ಸಮಯ ಕೇವಲ 0.00375 ಸೆಕೆಂಡು. ಅಷ್ಟರಲ್ಲಿ 150 ಘನ ಸೆಂಟಿಮೀಟರ್ ಗಾಳಿ 26 ಮಿಲಿಮೀಟರ್ ವ್ಯಾಸದ ಪೋರ್ಟಿನ ಮೂಲಕ ಒಳಬರಬೇಕಾದರೆ ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 75 ಮೀಟರ್ ಆಗುತ್ತದೆ. ವ್ಯಾಸವನ್ನು 30 ಮಿಲಿಮೀಟರಿಗೆ ಹೆಚ್ಚಿಸಿದರೆ ಪೋರ್ಟಿನ ಅಡ್ಡಕೊಯ್ತದ ವಿಸ್ತೀರ್ಣ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ವೇಗ ಸುಮಾರು 57 ಮೀಟರಿಗೆ ಇಳಿಯುತ್ತದೆ.

ವೇಗವಾಗಿ ಬರುವ ಗಾಳಿಗೆ ಜಡತ್ವವಿರುತ್ತದೆ. ಪಿಸ್ಟನ್ ಮೇಲೇರಲು ತೊಡಗಿದ ಮೇಲೂ, ಕವಾಟ ಮುಚ್ಚುವವರೆಗೆ, ಅದು ಸಿಲಿಂಡರಿಗೆ ನುಗ್ಗುತ್ತಲೇ ಇರುತ್ತದೆ. ವೇಗ ತಗ್ಗಿದರೆ ಈ ಲಾಭ ಕಡಿಮೆಯಾಗಿ, ಕೆಳಗಿನ ಸುತ್ತುವೇಗಗಳಲ್ಲಿ ಗಾಳಿ ಹಿಂದಕ್ಕೆ ತಳ್ಳಲ್ಪಡುತ್ತದೆ. ಅತಿಯಾಗಿ ಅಗಲಿಸಿದ ಪೋರ್ಟುಳ್ಳ ಬೈಕು ನಗರದ ರಸ್ತೆಗಳಲ್ಲಿ ಮೊದಲಿಗಿಂತ ಮಂದವಾಗಿ ಓಡುವುದಕ್ಕೆ ಇದೇ ಕಾರಣ.

ವಿಧಾನ

ಹರಿವಿಗೆ ಹೆಚ್ಚಿನ ಅಡ್ಡಿ ಇರುವುದು ಕವಾಟದ ಸಮೀಪದಲ್ಲಿ. ಆದ್ದರಿಂದ ಕವಾಟದ ಪೀಠ, ಅದರ ಹಿಂದಿನ ಬಟ್ಟಲಿನಾಕಾರದ ಭಾಗ ಮತ್ತು ಪೋರ್ಟಿನ ತಳವು ಸಿಲಿಂಡರಿನ ಕಡೆಗೆ ತಿರುಗುವ ಒಳಬಾಗು ಇವುಗಳಿಗೆ ಮೊದಲ ಗಮನ ಸಲ್ಲುತ್ತದೆ. ಒಳಬಾಗು ಚೂಪಾಗಿದ್ದರೆ ಗಾಳಿ ಗೋಡೆಯಿಂದ ಬೇರ್ಪಟ್ಟು ಸುಳಿಗಳಾಗುತ್ತದೆ. ಕವಾಟದ ಪೀಠವನ್ನು ಸಾಮಾನ್ಯವಾಗಿ 30, 45 ಮತ್ತು 60 ಡಿಗ್ರಿಗಳ ಮೂರು ಕೋನಗಳಲ್ಲಿ ಕತ್ತರಿಸಿ ತಿರುವನ್ನು ಸೌಮ್ಯಗೊಳಿಸುತ್ತಾರೆ.

ಲೋಹವನ್ನು ಕೈಯಲ್ಲಿ ಹಿಡಿಯುವ ಗ್ರೈಂಡರ್ ಮತ್ತು ಕಾರ್ಬೈಡ್ ಮೊನೆಗಳಿಂದ ಕೆರೆಯಲಾಗುತ್ತದೆ. ಬಳಿಕ ಎಮರಿ ಕಾಗದದಿಂದ ಉಜ್ಜಲಾಗುತ್ತದೆ. ಹೊಗೆ ಹೊರಹೋಗುವ ಪೋರ್ಟನ್ನು ನುಣುಪಾಗಿಸಿದರೆ ಮಸಿ ಅಂಟುವುದು ಕಡಿಮೆ. ಗಾಳಿ ಮತ್ತು ಪೆಟ್ರೋಲ್ ಒಟ್ಟಿಗೆ ಬರುವ ಪೋರ್ಟನ್ನು ಮಾತ್ರ ಕನ್ನಡಿಯಂತೆ ಹೊಳಪಿಸದೆ ತುಸು ಒರಟಾಗಿ ಬಿಡುವುದು ರೂಢಿ. ಇದರಿಂದ ಗೋಡೆಗೆ ತಗುಲಿದ ಪೆಟ್ರೋಲ್ ಹನಿಗಳು ಮತ್ತೆ ಗಾಳಿಯಲ್ಲಿ ಬೆರೆಯಲು ಅನುಕೂಲವಾಗುತ್ತದೆ. ಪ್ರತಿ ಹಂತದ ಫಲವನ್ನು ಫ್ಲೋ ಬೆಂಚ್ ಎಂಬ ಸಾಧನದಲ್ಲಿ, ಕವಾಟವನ್ನು ಬೇರೆ ಬೇರೆ ಎತ್ತರಗಳಲ್ಲಿ ತೆರೆದು, ಅಳೆಯಲಾಗುತ್ತದೆ.

ಎರಡು ಸ್ಟ್ರೋಕ್ ಎಂಜಿನ್ನುಗಳು

ಸಾಮಾನ್ಯ ಎರಡು ಸ್ಟ್ರೋಕ್ ಬೈಕುಗಳಲ್ಲಿ ಪೋರ್ಟ್‌ಗಳು ಹೆಡ್‌ನಲ್ಲಿರದೆ ಸಿಲಿಂಡರಿನ ಗೋಡೆಯಲ್ಲಿರುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳು ಈ ಬಗೆಯವು. ಇಲ್ಲಿ ಪೋರ್ಟಿನ ಎತ್ತರ ಬದಲಾದರೆ ಅದು ತೆರೆದು ಮುಚ್ಚುವ ಸಮಯವೂ ಬದಲಾಗುತ್ತದೆ.

ಇತಿಹಾಸ

20ನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಪೋರ್ಟ್‌ಗಳ ಹರಿವನ್ನು ಅಳೆದು ಹೆಡ್‌ಗಳನ್ನು ರೂಪಿಸಿದ ಪ್ರಮುಖರಲ್ಲಿ ಒಬ್ಬರು. ಅವರ ಹೆಸರಿನ ಎಂಜಿನ್ ಬಳಸಿ ಪೀಟರ್ ಕಾಲಿನ್ಸ್ 1976ರಲ್ಲಿ ಸ್ಪೀಡ್‌ವೇ ವಿಶ್ವ ಚಾಂಪಿಯನ್ ಆದರು. ಎರಡು ಸ್ಟ್ರೋಕ್ ಕ್ಷೇತ್ರದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯ ವಾಲ್ಟರ್ ಕಾಡೆನ್ ಪೋರ್ಟ್ ಮತ್ತು ಹೊಗೆಕೊಳವೆಗಳ ವಿನ್ಯಾಸದಿಂದ, 1961ರ ಹೊತ್ತಿಗೆ, 125 ಸಿಸಿ ಎಂಜಿನ್ನಿನಲ್ಲಿ ಸುಮಾರು 25 ಅಶ್ವಶಕ್ತಿ ಪಡೆದರು.

ಮಿತಿಗಳು

ಕೆರೆದ ಲೋಹವನ್ನು ಸುಲಭವಾಗಿ ಮರಳಿ ತುಂಬಲಾಗದು. ಗೋಡೆ ತೂತಾದರೆ ಎಣ್ಣೆ ಅಥವಾ ತಂಪುಗೊಳಿಸುವ ದ್ರವ ಪೋರ್ಟಿನೊಳಗೆ ಸೋರಿ ಹೆಡ್ ನಿರುಪಯುಕ್ತವಾಗಬಹುದು. ಹೆಚ್ಚಿದ ಗಾಳಿಗೆ ತಕ್ಕಂತೆ ಇಂಧನದ ಪ್ರಮಾಣವನ್ನು ಸರಿಹೊಂದಿಸದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗಿ ಪಿಸ್ಟನ್ ಹಾಳಾಗುವ ಅಪಾಯವಿದೆ. ಮಾಲಿನ್ಯದ ಪ್ರಮಾಣವೂ ಬದಲಾಗಬಹುದು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಲ್ಲಿದ್ದು, ಅದಕ್ಕೆ ಅನುಗುಣವಾಗಿ ತಯಾರಾದ ಎಂಜಿನ್ನನ್ನು ತಿದ್ದಿದರೆ ಅದು ಆ ಮಿತಿಗಳನ್ನು ಮೀರುವ ಸಾಧ್ಯತೆಯಿದೆ. ಆದ್ದರಿಂದ ಪೋರ್ಟಿಂಗ್ ಮುಖ್ಯವಾಗಿ ಸ್ಪರ್ಧಾಕಣದ ವಾಹನಗಳಿಗೆ ಸೂಕ್ತವಾದ ವಿದ್ಯೆ.