ಜಪಸರ ಮತ್ತು ಉಸಿರು

ಮುಂಬಯಿಯ ಮಾಹಿಮ್‌ನಲ್ಲಿರುವ ಸಂತ ಮೈಕೇಲರ ಇಗರ್ಜಿಯಲ್ಲಿ 1948ರಿಂದ ಬುಧವಾರಗಳಂದು ನಡೆದುಬಂದಿರುವ ನೊವೆನಾ ಪ್ರಾರ್ಥನೆಗೆ ಅನ್ಯಮತೀಯರೂ ಬರುತ್ತಾರೆ. ಮನೆಬಾಡಿಗೆ, ಮಗಳ ಪರೀಕ್ಷೆ, (ನಮ್ಮಂಥವರಾದರೆ) ತಾಳೆಯಾಗದ ಲೆಕ್ಕ, ಎಲ್ಲವನ್ನೂ ಮಾತೆ ಮರಿಯಳಿಗೊಪ್ಪಿಸಿ ಅರೆಗಳಿಗೆ ಸುಮ್ಮನೆ ಕುಳಿತಿರುತ್ತಾರೆ.

ಈ ಮೌನಕ್ಕೆ ದೇಹವೂ ಓಗೊಡುತ್ತದೆ. ಇಟಲಿಯ ವೈದ್ಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲತೀನ್ ಭಾಷೆಯಲ್ಲಿ ಜಪಸರ ಹೇಳುತ್ತಿದ್ದವರ ಉಸಿರಾಟವು ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿದಿತ್ತು. ಯೋಗಮಂತ್ರ ಪಠಿಸಿದಾಗಲೂ ಅಷ್ಟೇ! ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಸಾಮಾನ್ಯವಾಗಿ ಅದು 12ರಿಂದ 20.

ಆದರೆ ಭಕ್ತನು ಉಸಿರನ್ನು ಎಣಿಸುವುದಿಲ್ಲ. ಹೊರೆಯನ್ನು ಇಳಿಸಿ ಬರುತ್ತಾನೆ. ನನಗೆ ಇದೇ ಹಿರಿದೆನಿಸುತ್ತದೆ. ಜಪಸರದ ಹತ್ತು ಮಣಿಗಳಿಗೆ ಕೆಲವೇ ನಿಮಿಷ ಸಾಕು. ಲೋಕಲ್ ಗಾಡಿಯಲ್ಲಿ ನಿಂತೂ ಹೇಳಬಹುದು. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಲಾಗದು.