ಸಂದು ಚುಕ್ಕಿ, ನೇರ ಚುಕ್ಕಿ, ಸ್ಟಾರ್ ಚುಕ್ಕಿ

ಲ್ಯಾಬ್ ಪರೀಕ್ಷೆಯಲ್ಲಿ ಒಬ್ಬ ಹುಡುಗ ಸ್ಟಾರ್ ತ್ರಿಕೋನದ ಪ್ರೋಗ್ರಾಮನ್ನು ಎರಡೇ ನಿಮಿಷದಲ್ಲಿ ಬರೆದು ಕೈಕಟ್ಟಿ ಕೂತ. ಐದು ಸಾಲು; ಮೊದಲನೆಯದರಲ್ಲಿ ಒಂದು ಸ್ಟಾರ್, ಕೊನೆಯದರಲ್ಲಿ ಐದು. "ಇದನ್ನೇ ತಲೆಕೆಳಗು ಮಾಡಪ್ಪ" ಅಂದೆ. "ಸರ್, ಅದು ಬೇರೆ ಪ್ರೋಗ್ರಾಮು. ನಾನು ಓದಿಲ್ಲ" ಅಂದ.

ಪ್ಯಾಟರ್ನ್ ಪ್ರೋಗ್ರಾಮುಗಳ ಬಗ್ಗೆ ಇರುವ ತಪ್ಪು ಕಲ್ಪನೆಗಳಿಗೆಲ್ಲ ಇದೇ ಹಿರಿಯಣ್ಣ: ಆಕಾರಕ್ಕೊಂದು ಪ್ರೋಗ್ರಾಮು, ಎಲ್ಲವೂ ಬಾಯಿಪಾಠ. ಅಸಲಿಗೆ ಪ್ರೋಗ್ರಾಮಿಗೆ ಆಕಾರದ ಗಂಧವೇ ಇಲ್ಲ. ಇದು ಎಷ್ಟನೇ ಸಾಲು, ಇದರಲ್ಲಿ ಎಷ್ಟು ಖಾಲಿ ಜಾಗ, ಎಷ್ಟು ಸ್ಟಾರ್ ಎನ್ನುವುದಷ್ಟೇ ಅದರ ಪ್ರಪಂಚ. ಹುಡುಗನ ಕೈಗೆ ಪೆನ್ಸಿಲ್ ಕೊಟ್ಟು, ಸಾಲಿನ ಸಂಖ್ಯೆ ಒಂದು ಕಡೆ, ಸ್ಟಾರಿನ ಸಂಖ್ಯೆ ಇನ್ನೊಂದು ಕಡೆ ಬರೆಸಿದೆ. 1ಕ್ಕೆ 5, 2ಕ್ಕೆ 4, 3ಕ್ಕೆ 3. "ಕೂಡಿದರೆ ಎಲ್ಲಾ 6 ಬರುತ್ತೆ ಸರ್" ಅಂದ. ಸಾಲಿನೊಳಗೆ ಸ್ಟಾರ್ ಬರೆಯುವ ಒಳಲೂಪನ್ನು ಐ ಸಲದ (ಐ ಎಂದರೆ ಸಾಲಿನ ಸಂಖ್ಯೆ) ಬದಲು 6ರಲ್ಲಿ ಐ ಕಳೆದಷ್ಟು ಸಲ ತಿರುಗಿಸಿದ, ಆಯಿತು.

ಈ ಲೆಕ್ಕ ನಮ್ಮ ಮನೆಗಳಿಗೆ ಹೊಸದೇನಲ್ಲ. ರಂಗೋಲಿ ಪುಸ್ತಕದಲ್ಲಿ ಚಿತ್ರದ ಕೆಳಗೆ "7ರಿಂದ 4, ಸಂದು ಚುಕ್ಕಿ" ಎಂದಿದ್ದರೆ ಸಾಕು, ಅಂಗಳ ಗುಡಿಸಿದವರಿಗೆ ಪೂರ್ತಿ ಅರ್ಥವಾಗುತ್ತದೆ. ನಡುಸಾಲಿಗೆ 7 ಚುಕ್ಕಿ. ಮೇಲೂ ಕೆಳಗೂ 6, 5, 4. ಒಟ್ಟು 37. ತೆರೆಯ ಮೇಲೆ ಅದರ ಮೇಲರ್ಧ ಹೀಗೆ:

```
   * * * *
  * * * * *
 * * * * * *
* * * * * * *
```

"7ರಿಂದ 1, ನೇರ ಚುಕ್ಕಿ" ಎಂದರೆ ಬೇರೆ ಕಥೆ. ಚುಕ್ಕಿಯ ಕೆಳಗೇ ಚುಕ್ಕಿ ಬರಬೇಕು, ಹಾಗಾಗಿ ಸಾಲಿಗೆ ಎರಡೆರಡು ಕಡಿಮೆ: 7, 5, 3, 1.

ಪಿರಮಿಡ್ಡಿನಲ್ಲಿ ಮಕ್ಕಳು ಎಡವುವುದು ಇಲ್ಲೇ. ಒಂದು ಪುಸ್ತಕದಲ್ಲಿ 1, 2, 3, 4 ಸ್ಟಾರ್. ಇನ್ನೊಂದರಲ್ಲಿ 1, 3, 5, 7. ಯಾವುದೋ ಒಂದು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. ಎರಡೂ ಸರಿ. ಮೊದಲನೆಯದರಲ್ಲಿ ಪ್ರತಿ ಸ್ಟಾರಿನ ಬೆನ್ನಿಗೆ ಒಂದು ಖಾಲಿ ಜಾಗ ಬೀಳುತ್ತದೆ. ಸಾಲು ಒಂದು ಮನೆ ಸರಿದರೆ ಚುಕ್ಕಿಗಳ ಅಂತರದಲ್ಲಿ ಅರ್ಧ ಸರಿದಂತೆ, ಸಂದಿಗೆ ಸರಿಯಾಗಿ. ಎರಡನೆಯದರಲ್ಲಿ ಸ್ಟಾರುಗಳು ಒತ್ತಾಗಿವೆ. ಅದು ನೇರ ಚುಕ್ಕಿ.

ಎರಡು ಲೂಪುಗಳೂ ಜೊತೆಜೊತೆಗೆ ಓಡುತ್ತವೆ ಎಂಬ ನಂಬಿಕೆಯೂ ಉಂಟು. ಇಲ್ಲ. ಸಾಲುಗಳನ್ನು ಎಣಿಸುವ ಹೊರಲೂಪು ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ಒಳಲೂಪು ತನ್ನ ಸುತ್ತನ್ನೆಲ್ಲ ಮುಗಿಸುತ್ತದೆ, ಆಮೇಲೆ ಹೊರಲೂಪಿನ ಮುಂದಿನ ಹೆಜ್ಜೆ. ನಂಬದವರು ಹೊಸ ಸಾಲಿನ ಆದೇಶವನ್ನು ಹೊರಲೂಪಿನ ಆವರಣದಿಂದ ಎತ್ತಿ ಒಳಲೂಪಿನ ಆವರಣಕ್ಕೆ ಹಾಕಿ ನೋಡಲಿ: ತ್ರಿಕೋನ ಹೋಗಿ 15 ಸ್ಟಾರುಗಳು ಒಂದರ ಕೆಳಗೊಂದು ಇಳಿಯುತ್ತವೆ. ಸಿ ಭಾಷೆಯಲ್ಲಿ ಒಳಗಿನ ಫಾರ್ ಸಾಲಿನ ಕೊನೆಗೆ ಕೈತಪ್ಪಿ ಸೆಮಿಕೋಲನ್ ಬಿದ್ದರೆ ಇನ್ನೂ ತಮಾಷೆ. ಲೂಪು ಏನನ್ನೂ ಮಾಡದೆ ಸುಮ್ಮನೆ ಸುತ್ತಿ ಬರುತ್ತದೆ, ಸಾಲಿಗೆ ಒಂದೇ ಸ್ಟಾರ್ ಸಿಗುತ್ತದೆ, ಕಂಪೈಲರ್ ದೋಷ ಎಂದು ತಡೆಯುವುದೂ ಇಲ್ಲ.

ಎರಡು ಲೂಪು ಎಂದ ಮೇಲೆ 100 ಸಾಲಿನ ತ್ರಿಕೋನಕ್ಕೆ 100 ಗುಣಿಸು 100, ಅಂದರೆ 10,000 ಸ್ಟಾರ್ ಎನ್ನುವವರೂ ಇದ್ದಾರೆ. 5,050 ಅಷ್ಟೇ. ಪೈಥಾನಿನಲ್ಲಿ ಸ್ಟಾರನ್ನು ಐ ಇಂದ ಗುಣಿಸಿದರೆ ಮುಗಿಯಿತಲ್ಲ, ಒಳಲೂಪು ಯಾಕೆ ಎಂದು ಕೇಳಿದರೆ, ಪ್ರಶ್ನೆ ಸರಿಯೇ. 2018ರ ಜಾವಾ 11ರಲ್ಲೂ ಇದೇ ಕೆಲಸಕ್ಕೆ ರಿಪೀಟ್ ಬಂದಿದೆ. ಆದರೆ ಆ ಸುತ್ತು ಮಾಯವಾಗಿಲ್ಲ, ಪರದೆಯ ಹಿಂದೆ ಯಾರೋ ಸುತ್ತುತ್ತಿದ್ದಾರೆ.

ಖಾಲಿ ಜಾಗ ಎಂದರೆ ಏನೂ ಇಲ್ಲ ಎಂದುಕೊಳ್ಳುವುದೂ ತಪ್ಪೇ. ಆಸ್ಕಿ ಪಟ್ಟಿಯಲ್ಲಿ ಸ್ಟಾರ್ 42 ಆದರೆ ಖಾಲಿ ಜಾಗ 32. ಅದೂ ಒಂದು ಅಕ್ಷರ. ಎಡಗಡೆಯದನ್ನು ಅಚ್ಚು ಮಾಡಲೇಬೇಕು, ಬಲಗಡೆಯದನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇಷ್ಟೆಲ್ಲ ಸರಿಯಾಗಿ ಮಾಡಿದ ಪಿರಮಿಡ್ಡನ್ನು ವಾಟ್ಸಾಪಿನಲ್ಲಿ ಅಂಟಿಸಿದರೆ ವಾಲಿಬಿಡುತ್ತದೆ. ಅಲ್ಲಿನ ಫಾಂಟಿನಲ್ಲಿ ಖಾಲಿ ಜಾಗದ ಅಗಲ ಬೇರೆ, ಸ್ಟಾರಿನ ಅಗಲ ಬೇರೆ. ಪ್ರೋಗ್ರಾಮನ್ನು ಬೈಯಬೇಡಿ.

ಇನ್ನು, ಪರೀಕ್ಷೆ ಮುಗಿದ ಮೇಲೆ ಇದು ಯಾವ ಕೆಲಸಕ್ಕೂ ಬಾರದ ಮಕ್ಕಳಾಟ ಎಂಬ ಮಾತು. ಅದೂ ಸರಿಯಲ್ಲ. ಕರ್ನಿಘನ್ ಮತ್ತು ರಿಚಿ 1978ರಲ್ಲಿ ತಂದ ಸಿ ಭಾಷೆಯ ಪುಸ್ತಕದ ಮೊದಲ ಅಧ್ಯಾಯದಲ್ಲೇ ಒಂದು ಅಭ್ಯಾಸವಿದೆ: ಬರಹದಲ್ಲಿನ ಪದಗಳ ಉದ್ದವನ್ನು ಎಣಿಸಿ ಕಂಬಚಿತ್ರ ಮಾಡಿ. ಕಂಬ ಮಲಗಿದ್ದರೆ ಸುಲಭ, ನಿಂತಿದ್ದರೆ ಕಷ್ಟ ಎಂದು ಅವರೇ ಎಚ್ಚರಿಸುತ್ತಾರೆ. ಕಾರಣ, ಅಚ್ಚು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಬರುತ್ತದೆ, ಕಂಬ ನೆಲದಿಂದ ಏಳುತ್ತದೆ. ಆಗ ಹೊರಲೂಪು ಎತ್ತರವನ್ನು ಎಣಿಸಬೇಕು, ಒಳಲೂಪು ಒಂದೊಂದೇ ಕಂಬದ ಮುಂದೆ ನಿಂತು ನೀನು ಇಷ್ಟೆತ್ತರ ಇದ್ದೀಯಾ ಎಂದು ಕೇಳಬೇಕು. ಹೌದು ಎಂದರೆ ಸ್ಟಾರ್. ಇಲ್ಲ ಎಂದರೆ ಆ 32ನೇ ಅಕ್ಷರ. ಅದನ್ನು ಮರೆತರೆ ಪಕ್ಕದ ಕಂಬ ಬಂದು ಈ ಜಾಗದಲ್ಲಿ ಕೂರುತ್ತದೆ.