ನಿತಂಬ ಸ್ನಾಯುಗಳ ವ್ಯಾಯಾಮ

ನಿತಂಬ ಸ್ನಾಯುಗಳ ವ್ಯಾಯಾಮ ಎಂದರೆ ಪೃಷ್ಠಭಾಗದ ಸ್ನಾಯುಗಳ ಗಾತ್ರ ಮತ್ತು ಬಲವನ್ನು ಹೆಚ್ಚಿಸಲು ಮಾಡುವ ಅಂಗಸಾಧನೆ. ಇದರಲ್ಲಿ ಎರಡು ಮುಖ್ಯ ಕ್ರಮಗಳಿವೆ: ಸ್ವಂತ ದೇಹದ ತೂಕವನ್ನೇ ಭಾರವಾಗಿ ಬಳಸುವುದು ಮತ್ತು ಬಾರ್ಬೆಲ್, ಡಂಬೆಲ್ ಮುಂತಾದ ಹೊರಗಿನ ತೂಕಗಳನ್ನು ಬಳಸುವುದು. ಕರ್ನಾಟಕದಲ್ಲಿ ಗರಡಿಮನೆಯ ಬಸ್ಕಿ ಮೊದಲನೆಯದಕ್ಕೂ, ಗುಂಡುಕಲ್ಲು ಎತ್ತುವುದು ಎರಡನೆಯದಕ್ಕೂ ಹಳೆಯ ಉದಾಹರಣೆಗಳಾಗಿವೆ.

ರಚನೆ ಮತ್ತು ಕಾರ್ಯ

ಪೃಷ್ಠಭಾಗದಲ್ಲಿ ಗ್ಲೂಟಿಯಸ್ ಮ್ಯಾಕ್ಸಿಮಸ್, ಮೀಡಿಯಸ್ ಮತ್ತು ಮಿನಿಮಸ್ ಎಂಬ ಮೂರು ಮುಖ್ಯ ಸ್ನಾಯುಗಳಿವೆ. ಮ್ಯಾಕ್ಸಿಮಸ್ ಮಾನವ ದೇಹದ ಅತಿ ದೊಡ್ಡ ಸ್ನಾಯು. ಬಗ್ಗಿದ ಸ್ಥಿತಿಯಿಂದ ಏಳುವಾಗ, ಓಡುವಾಗ ಮತ್ತು ಮೆಟ್ಟಿಲು ಹತ್ತುವಾಗ ಇದು ತೊಡೆಯನ್ನು ಹಿಂದಕ್ಕೆ ಚಾಚುತ್ತದೆ. ಉಳಿದೆರಡು ಸ್ನಾಯುಗಳು ಒಂದೇ ಕಾಲಿನ ಮೇಲೆ ನಿಂತಾಗ ಸೊಂಟ ಪಕ್ಕಕ್ಕೆ ವಾಲದಂತೆ ತಡೆಯುತ್ತವೆ.

ಬೆಳವಣಿಗೆಯ ತತ್ತ್ವ

ಸ್ನಾಯುತಂತುಗಳ ಮೇಲೆ ಬೀಳುವ ಎಳೆತವೇ ಅವುಗಳ ಬೆಳವಣಿಗೆಗೆ ಮುಖ್ಯ ಪ್ರಚೋದನೆ. ಆ ಎಳೆತ ದೇಹದ ತೂಕದಿಂದ ಬಂದಿತೋ ಕಬ್ಬಿಣದಿಂದ ಬಂದಿತೋ ಎಂಬುದು ಮುಖ್ಯವಲ್ಲ. ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಸುಮಾರು ಶೇ. 30ರಷ್ಟು ಹಗುರ ಭಾರವೂ, ಸ್ನಾಯು ದಣಿಯುವವರೆಗೆ ಮಾಡಿದಲ್ಲಿ, ಹೆಚ್ಚಿನ ಭಾರದಷ್ಟೇ ಗಾತ್ರ ನೀಡಬಲ್ಲದು ಎಂದು ಸಂಶೋಧನೆಗಳು ತೋರಿಸಿವೆ. ಆದರೆ ಗರಿಷ್ಠ ಬಲದ ಹೆಚ್ಚಳಕ್ಕೆ ಹೆಚ್ಚಿನ ಭಾರವೇ ಉತ್ತಮ. ದೇಹವು ಒಂದು ಭಾರಕ್ಕೆ ಹೊಂದಿಕೊಂಡ ಬಳಿಕ ಕಷ್ಟವನ್ನು ಕ್ರಮೇಣ ಹೆಚ್ಚಿಸದಿದ್ದರೆ ಬೆಳವಣಿಗೆ ನಿಲ್ಲುತ್ತದೆ.

ದೇಹತೂಕದ ವ್ಯಾಯಾಮಗಳು

ಬಸ್ಕಿ, ಸೇತುಬಂಧಾಸನ, ಒಂಟಿಕಾಲಿನ ಸೇತುಬಂಧ, ಮುಂದಕ್ಕೆ ಹೆಜ್ಜೆಯಿಟ್ಟು ಮಂಡಿ ಬಗ್ಗಿಸುವ ಲಂಜ್ ಹಾಗೂ ಎತ್ತರದ ಪೀಠವನ್ನು ಹತ್ತಿಳಿಯುವುದು ಈ ವರ್ಗಕ್ಕೆ ಸೇರುತ್ತವೆ. ಸಾಂಪ್ರದಾಯಿಕ ಬಸ್ಕಿಯಲ್ಲಿ ಹಿಮ್ಮಡಿ ಮೇಲೆದ್ದು ಮಂಡಿ ಮುಂದಕ್ಕೆ ಬರುವುದರಿಂದ ತೊಡೆಯ ಮುಂಭಾಗಕ್ಕೆ ಹೆಚ್ಚು ಕೆಲಸ ಬೀಳುತ್ತದೆ. ಹಿಮ್ಮಡಿಯನ್ನು ನೆಲಕ್ಕೂರಿ, ಸೊಂಟವನ್ನು ಹಿಂದಕ್ಕೆ ಸರಿಸಿ ಆಳವಾಗಿ ಕುಳಿತರೆ ನಿತಂಬದ ಪಾಲು ಹೆಚ್ಚುತ್ತದೆ. ನೂರಾರು ಬಸ್ಕಿಗಳನ್ನು ಸುಲಭವಾಗಿ ಹೊಡೆಯಬಲ್ಲವರಿಗೆ ಅದು ಮುಖ್ಯವಾಗಿ ದಮ್ಮಿನ ಸಾಧನೆಯಾಗುತ್ತದೆ. ಗಾತ್ರದ ಹೆಚ್ಚಳ ಕಡಿಮೆ.

ಬೆಟ್ಟ ಹತ್ತುವುದೂ ಇದೇ ಸ್ನಾಯುಗಳಿಗೆ ಕೆಲಸ ಕೊಡುತ್ತದೆ. ತುಮಕೂರು ನಗರಕ್ಕೆ ಸಮೀಪದ ದೇವರಾಯನದುರ್ಗ ಮತ್ತು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಬೆಟ್ಟಗಳು ಇದಕ್ಕೆ ಅನುಕೂಲವಾದ ತಾಣಗಳು. ಆದರೆ ಚಾರಣದಿಂದ ಸಹಿಷ್ಣುತೆ ಹೆಚ್ಚುವಷ್ಟು ಸ್ನಾಯುವಿನ ಗಾತ್ರ ಹೆಚ್ಚುವುದಿಲ್ಲ.

ತೂಕದ ವ್ಯಾಯಾಮಗಳು

ಸ್ಕ್ವಾಟ್, ಡೆಡ್‌ಲಿಫ್ಟ್ ಮತ್ತು ಹಿಪ್ ಥ್ರಸ್ಟ್ ಈ ವರ್ಗದ ಪ್ರಮುಖ ವ್ಯಾಯಾಮಗಳು. 2019ರಲ್ಲಿ ಪ್ರಕಟವಾದ 10 ವಾರಗಳ ಅಧ್ಯಯನವೊಂದರಲ್ಲಿ ಪೂರ್ಣ ಸ್ಕ್ವಾಟ್ ಮಾಡಿದವರ ಮ್ಯಾಕ್ಸಿಮಸ್ ಗಾತ್ರ ಸರಾಸರಿ ಶೇ. 6.7ರಷ್ಟು, ಅರ್ಧ ಸ್ಕ್ವಾಟ್ ಮಾಡಿದವರಲ್ಲಿ ಶೇ. 2.2ರಷ್ಟು ಹೆಚ್ಚಿತು. 2023ರ ಇನ್ನೊಂದು ಅಧ್ಯಯನದಲ್ಲಿ ಹೊಸಬರು 9 ವಾರ ಸ್ಕ್ವಾಟ್ ಅಥವಾ ಹಿಪ್ ಥ್ರಸ್ಟ್ ಮಾಡಿದಾಗ ನಿತಂಬದ ಬೆಳವಣಿಗೆ ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿತ್ತು. ತೊಡೆಯ ಬೆಳವಣಿಗೆ ಸ್ಕ್ವಾಟ್‌ನಲ್ಲಿ ಹೆಚ್ಚಾಗಿತ್ತು.

ಹೋಲಿಕೆ

ಹೊಸದಾಗಿ ಆರಂಭಿಸುವವರಿಗೆ ದೇಹತೂಕದ ವ್ಯಾಯಾಮ ಸಾಕಾಗುತ್ತದೆ. ಅದಕ್ಕೆ ಖರ್ಚೂ ಇಲ್ಲ, ಜಾಗವೂ ಹೆಚ್ಚು ಬೇಕಿಲ್ಲ. ಬಲ ಹೆಚ್ಚಿದಂತೆ ದೇಹದ ತೂಕ ಬದಲಾಗದೆ ಉಳಿಯುವುದೇ ಈ ಕ್ರಮದ ಮುಖ್ಯ ಮಿತಿ. ಒಂಟಿಕಾಲಿನ ವ್ಯಾಯಾಮ, ನಿಧಾನಗತಿ ಮತ್ತು ಆಳವಾದ ಚಲನೆಯಿಂದ ಈ ಮಿತಿಯನ್ನು ಸ್ವಲ್ಪ ದೂರ ಸರಿಸಬಹುದು. ತೂಕದ ವ್ಯಾಯಾಮದಲ್ಲಿ ಭಾರವನ್ನು ಅಳತೆಯಿಂದ ಏರಿಸಬಹುದಾದ್ದರಿಂದ ದೀರ್ಘಕಾಲದ ಬೆಳವಣಿಗೆಗೆ ಅದು ಹೆಚ್ಚು ಅನುಕೂಲ. ಜಿಮ್ ಇಲ್ಲದ ಊರುಗಳಲ್ಲಿ ಪುಸ್ತಕ ಅಥವಾ ಮರಳು ತುಂಬಿದ ಬೆನ್ನುಚೀಲವನ್ನು ಹೊತ್ತು ಲಂಜ್, ಸ್ಕ್ವಾಟ್ ಮಾಡುವುದರಿಂದ ಎರಡೂ ಕ್ರಮಗಳ ಪ್ರಯೋಜನ ದೊರೆಯುತ್ತದೆ. ಇವೆರಡನ್ನು ಜೊತೆಗೂಡಿಸುವುದು ಕರ್ನಾಟಕಕ್ಕೆ ಹೊಸದಲ್ಲ: ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, 'ಶಾಂತಲಾ' ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಸೂರ್ಯನಮಸ್ಕಾರವನ್ನೂ ಬಾರ್ಬೆಲ್ ಸಾಧನೆಯನ್ನೂ ಕಲಿಸುತ್ತಿದ್ದರು.

ಆಹಾರ ಮತ್ತು ವಿಶ್ರಾಂತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಪ್ರೋಟೀನ್ ಬೇಕು. ಸ್ನಾಯು ಬೆಳೆಸುವವರಿಗೆ ಸಾಮಾನ್ಯವಾಗಿ 1.4ರಿಂದ 2 ಗ್ರಾಂ ಸೂಚಿಸಲಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ, ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುವುದರಿಂದ ಮುದ್ದೆಯ ಜೊತೆಗೆ ಕಾಳಿನ ಸಾರು, ಹಾಲು, ಮೊಟ್ಟೆ ಅಥವಾ ಮಾಂಸವನ್ನು ಸೇರಿಸುವುದು ಉಪಯುಕ್ತ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ. ಸ್ನಾಯುವಿನ ಚೇತರಿಕೆಗೆ ವ್ಯಾಯಾಮದ ದಿನಗಳ ನಡುವೆ ಬಿಡುವು ಮತ್ತು ಸಾಕಷ್ಟು ನಿದ್ರೆ ಅಗತ್ಯ.

ಮಿತಿಗಳು ಮತ್ತು ಎಚ್ಚರಿಕೆ

ನಿತಂಬದ ಆಕಾರವು ಸ್ನಾಯುವನ್ನಲ್ಲದೆ ಸೊಂಟದ ಮೂಳೆಯ ರಚನೆ, ಕೊಬ್ಬಿನ ಹಂಚಿಕೆ ಮತ್ತು ಅನುವಂಶೀಯತೆಯನ್ನೂ ಅವಲಂಬಿಸಿರುತ್ತದೆ. ಇವುಗಳನ್ನು ವ್ಯಾಯಾಮ ಬದಲಿಸಲಾರದು. ಹೊಸಬರು ಭಾರಿ ತೂಕ ಎತ್ತುವ ಮೊದಲು ಸರಿಯಾದ ಭಂಗಿಯನ್ನು ತರಬೇತುದಾರರಿಂದ ಕಲಿಯಬೇಕು. ಸೊಂಟದಿಂದ ಕಾಲಿಗೆ ಇಳಿಯುವ ನೋವು ಅಥವಾ ಜೋಮು ಕಂಡುಬಂದರೆ ವ್ಯಾಯಾಮವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬೇಗನೆ ಗಾತ್ರ ಹೆಚ್ಚಿಸಲು ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಬಳಸುವುದರಿಂದ ಹೃದಯ, ಯಕೃತ್ತು ಮತ್ತು ಹಾರ್ಮೋನು ವ್ಯವಸ್ಥೆಗೆ ಹಾನಿಯಾಗಬಹುದು.